ಲಾಕ್‌ಟೈಟ್ 638: ಗಾಲಿಯನ್ನೂ ಬಿಡುವುದಿಲ್ಲ, ಕರೆಂಟನ್ನೂ ಬಿಡುವುದಿಲ್ಲ

ಮಕ್ಕಳನ್ನು ಕೂರಿಸಿಕೊಂಡು ಓಡುವ 5 ಇಂಚು, 7¼ ಇಂಚು ಗೇಜಿನ ಪುಟ್ಟ ರೈಲಿನಲ್ಲಿ ಗಾಲಿಗಳನ್ನು ಆಕ್ಸಲ್‌ಗೆ (ಅಚ್ಚಿಗೆ) ಒತ್ತಿ ಪ್ರೆಸ್ ಮಾಡಿಸುವುದಕ್ಕಿಂತ ಅಂಟಿಸುವುದು ಸಲೀಸು. ಬಳ್ಳಾರಿಯ ಒಳ್ಳೆಯ ಲೇತ್ ಅಂಗಡಿಯಲ್ಲೇ ಮುಗಿಯುವ ಕೆಲಸ. ಹಿಡಿತದಲ್ಲಿ ಲಾಕ್‌ಟೈಟ್ 638 ಎಂಬ ಈ ಹಸಿರು ಅಂಟಿಗೆ ಪೂರ್ತಿ ಅಂಕ. ವ್ಯಾಸದಲ್ಲಿ 0.25 ಮಿ.ಮೀ. ಸಂದಿನವರೆಗೂ ತುಂಬುತ್ತದೆ, ಆದರೂ 0.05 ದಾಟದಿದ್ದರೆ ಗಾಲಿ ಓಲಾಡದೆ ಕೂರುತ್ತದೆ. ಎಣ್ಣೆಪಸೆ ತೆಗೆದು, ತಿರುಗಿಸುತ್ತಾ ತಳ್ಳಿ, 24 ಗಂಟೆ ಮುಟ್ಟಬೇಡಿ. 180 ಡಿಗ್ರಿವರೆಗೆ ತಡೆಯುವ ಅಂಟಿಗೆ ನಮ್ಮ ಮೇ ತಿಂಗಳ ಬಿಸಿಲು ಏನೂ ಅಲ್ಲ. ಬಾಟಲಿಯ ಕಥೆ ಬೇರೆ: ಅದನ್ನು 8ರಿಂದ 21 ಡಿಗ್ರಿಯಲ್ಲಿ ಇಡಬೇಕು. ತಗಡಿನ ಅಂಗಡಿಯಲ್ಲಿ ಬೇಸಿಗೆ ಕಳೆದ ಬಾಟಲಿಯನ್ನು ತಾರೀಖು ನೋಡದೆ ಕೊಳ್ಳಬೇಡಿ.

ತೊಡಕು ಸಿಗ್ನಲ್ ಇರುವ ಕಡೆ. ಹಳಿಯ ಮೇಲೆ ರೈಲಿದೆಯೇ ಎಂದು ಪತ್ತೆಹಚ್ಚುವ ಟ್ರ್ಯಾಕ್ ಸರ್ಕಿಟ್‌ನಲ್ಲಿ ಎರಡೂ ಹಳಿಗೆ ಒಂದು ತುದಿಯಿಂದ ಸಣ್ಣ ವೋಲ್ಟೇಜ್, ಇನ್ನೊಂದು ತುದಿಯಲ್ಲಿ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್). ಗಾಲಿ, ಆಕ್ಸಲ್ ಸೇರಿ ಹಳಿಗಳನ್ನು ಶಾರ್ಟ್ ಮಾಡಿದರೆ ರಿಲೇ ಬಿದ್ದು ಸಿಗ್ನಲ್ ಕೆಂಪಾಗುತ್ತದೆ. ಗಟ್ಟಿಯಾದ ಅಂಟು ಇನ್ಸುಲೇಟರ್, ಕರೆಂಟ್ ಹಾಯಲು ಬಿಡದು. ಒಂದೇ ಗಾಲಿಯಲ್ಲಿ ಸಂಪರ್ಕ ತಪ್ಪಿದರೂ ಆ ಆಕ್ಸಲ್ ಇದ್ದೂ ಇಲ್ಲದಂತೆ. ಎಲ್ಲೋ ಒಂದು ಕಡೆ ಲೋಹಕ್ಕೆ ಲೋಹ ತಾಗಿದ್ದರೆ ಇನ್ನೂ ಕಷ್ಟ: ಮಲ್ಟಿಮೀಟರ್ ಇವತ್ತು ಸೊನ್ನೆ ಓಮ್, ನಾಳೆ ಓಪನ್ (ಸಂಪರ್ಕವೇ ಇಲ್ಲ). ಎಂಜಿನ್ ಗಾಲಿಗೆ ಕೀ (ಗಾಲಿ, ಆಕ್ಸಲ್ ನಡುವೆ ಕೂರುವ ಲೋಹದ ಬೆಣೆ) ಇದ್ದರೆ ಮೊದಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಎಂಜಿನ್ ಮುಂದಿನ ಸೆಕ್ಷನ್‌ಗೆ ದಾಟಿದ್ದೇ ತಡ, ಕೊನೆಯ ಡಬ್ಬಿ ಇನ್ನೂ ಇಲ್ಲೇ ಇದ್ದರೂ ಹಿಂದಿನ ರೈಲಿಗೆ ಹಸಿರು!

ಸಂಡೂರು ಕಡೆಯ ಅದಿರಿನ ಧೂಳು ಹಳಿಯ ಮೇಲೆ ಕೂತರೂ ಇದೇ ಲಕ್ಷಣ. ಅದಕ್ಕೇ ಹಳಿ ಉಜ್ಜುವುದಕ್ಕೆ ಮುಂಚೆ ಗಾಲಿಜೋಡಿಯನ್ನು ಹಳಿಯಿಂದ ಎತ್ತಿ ಪರೀಕ್ಷಿಸಿ. ಹಳಿಯ ಮೇಲಿದ್ದರೆ ಮೀಟರ್ ಸರ್ಕಿಟ್ಟನ್ನೂ ಸೇರಿಸಿ ಓದುತ್ತದೆ. ಮೀಟರಿಗಿಂತ 12 ವೋಲ್ಟ್, 5 ವ್ಯಾಟ್ ಬಲ್ಬನ್ನು ಬ್ಯಾಟರಿ, ಗಾಲಿಜೋಡಿಯ ಜೊತೆ ಸರಣಿಯಲ್ಲಿ ಹಾಕಿ ನೋಡುವುದು ಮೇಲು. ಗಾಲಿಯನ್ನು ಬಡಿದರೂ ಬೆಳಕು ಮಿಣುಕಬಾರದು.

ಪರಿಹಾರ ಒಂದು ಎಂ4 ಗ್ರಬ್ ಸ್ಕ್ರೂ (4 ಮಿ.ಮೀ.ನ ತಲೆಯಿಲ್ಲದ ಸ್ಕ್ರೂ). ಅಂಟು ಪೂರ್ತಿ ಗಟ್ಟಿಯಾದ ಮೇಲೆ, ಗಾಲಿಯ ಮುಖದಲ್ಲಿ ಆಕ್ಸಲ್ ಕೂಡುವ ಗೆರೆಯ ಮೇಲೇ, ಅರ್ಧ ಗಾಲಿ ಅರ್ಧ ಆಕ್ಸಲ್ ಬರುವಂತೆ 3.3 ಮಿ.ಮೀ. ತೂತು ಕೊರೆದು ಟ್ಯಾಪ್ ಹಾಕಿ ಥ್ರೆಡ್ ಕತ್ತರಿಸಿ. 10 ಮಿ.ಮೀ. ಆಳ ಸಾಕು. ಬಿಟ್ ಮೆತ್ತನೆಯ ಲೋಹದ ಕಡೆ ಜಾರುತ್ತದೆ, ಹಾಗಾಗಿ ಮೊದಲು ಗಿಡ್ಡನೆಯ 2 ಮಿ.ಮೀ. ಬಿಟ್ಟಿನಿಂದ ದಾರಿ ಮಾಡಿಕೊಳ್ಳಿ. ಹೊಸದಾಗಿ ಕತ್ತರಿಸಿದ ಥ್ರೆಡ್ ಎರಡೂ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಎರಡೂ ಗಾಲಿಗೆ ಮಾಡಬೇಕು. ಕೊನೆಯ ಡಬ್ಬಿಯಿಂದ ಶುರು ಮಾಡಿ.

ಸಿಗ್ನಲ್ ಇಲ್ಲದ ಲೈನಿಗೆ, ಇಲ್ಲವೇ ದಾಟುವ ಆಕ್ಸಲ್‌ಗಳನ್ನು ಎಣಿಸುವ ಆಕ್ಸಲ್ ಕೌಂಟರ್ ಇರುವ ಕಡೆ, 638 ಒಂದೇ ಸಾಕು. ಉಳಿದ ಕಡೆ ಸ್ಕ್ರೂ ಇಲ್ಲದೆ ಬೇಡವೇ ಬೇಡ. ಆ ಸ್ಕ್ರೂಗೂ ಇದೇ ಅಂಟು ಹಚ್ಚುವ ಆಸೆ ಬಿಡಿ. ಒಣದಾಗಿ ಬಿಗಿದು, ಪಂಚಿನಿಂದ ಅಂಚು ಕುಟ್ಟಿ.