ಸ್ವಿಚ್ ಓಎಲ್‌ಇಡಿ: ದುಡ್ಡು ಕೊಟ್ಟಿದ್ದು ಸ್ಕ್ರೀನಿಗೆ, ಮನಸ್ಸು ಗೆದ್ದಿದ್ದು ಸ್ಟ್ಯಾಂಡ್

ಕೈಯಲ್ಲಿ ಹಿಡಿದೂ ಟಿವಿಗೆ ಹಾಕಿಯೂ ಆಡುವ ಗೇಮ್ ಯಂತ್ರ ನಿಂಟೆಂಡೊ ಸ್ವಿಚ್. ಕಪ್ಪು ಗಾಢವಾಗಿ ಕಾಣುವ ಓಎಲ್‌ಇಡಿ ಸ್ಕ್ರೀನಿನ ಅದರ ಮಾಡೆಲ್ 2021ರ ಅಕ್ಟೋಬರ್‌ನಲ್ಲಿ ಬಂದಾಗ ನನಗೆ ಆದದ್ದು ನಿರಾಸೆ. 2016ರಲ್ಲಿ ಸೋನಿಯ ಗೇಮ್ ಯಂತ್ರ ಪಿಎಸ್4ಗೆ ಪ್ರೊ ಎಂಬ ವೇಗದ ಮಾಡೆಲ್ ಬಂದ ಹಾಗೆ ಇದಕ್ಕೂ ವೇಗದ ಚಿಪ್ಪು, 4ಕೆ ಎಲ್ಲ ಬರುತ್ತದೆ ಅಂತ ತುಂಬಾ ಜನ ಕಾಯುತ್ತಿದ್ದರು. ಬಂದದ್ದು ಹಳೆಯ ಸ್ವಿಚ್‌ನ ಅದೇ ಟೆಗ್ರಾ ಚಿಪ್ಪು, ಬೆಲೆ ಮಾತ್ರ 50 ಡಾಲರ್ ಜಾಸ್ತಿ. ಟಿವಿಗೆ ಹಾಕಿ ಆಡಿದರೆ ಹಳೆಯದಕ್ಕೂ ಇದಕ್ಕೂ ಚಿತ್ರದಲ್ಲಿ ಏನೂ ವ್ಯತ್ಯಾಸ ಇಲ್ಲ. ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಆಟ ಇದರಲ್ಲೂ ಸೆಕೆಂಡಿಗೆ 30 ಫ್ರೇಮ್ ದಾಟುವುದಿಲ್ಲ. ಸದಾ ಟಿವಿಯಲ್ಲೇ ಆಡುವವರು ಈ ಮಾಡೆಲ್‌ಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.

ನಮ್ಮ ಮನೆಯಲ್ಲಿ ರಾತ್ರಿ ಹೊತ್ತು ಟಿವಿ ಅಮ್ಮನದು. ಧಾರಾವಾಹಿ ಮುಗಿಯುವವರೆಗೆ ಅದರ ಹತ್ತಿರ ಯಾರೂ ಹೋಗುವ ಹಾಗಿಲ್ಲ. ಹಾಗಾಗಿ ನನ್ನ ಆಟವೆಲ್ಲ ಕೈಯಲ್ಲಿ ಹಿಡಿದು, ಇಲ್ಲವೇ ಊಟದ ಮೇಜಿನ ಮೇಲೆ. ದೊಡ್ಡ ಸ್ಕ್ರೀನಿನ ಆಸೆಗೆ ಕೊಂಡೆ. ಸ್ಕ್ರೀನ್ ಚೆನ್ನಾಗಿದೆ, ‘ಮೆಟ್ರಾಯ್ಡ್ ಡ್ರೆಡ್’ ಆಟದ ಕತ್ತಲೆ ನಿಜಕ್ಕೂ ಕಪ್ಪಗೆ ಕಾಣುತ್ತದೆ. ಆ ಬಗ್ಗೆ ಎಲ್ಲರೂ ಬರೆದಿದ್ದಾರೆ.

ನಾನು ಹೇಳಬೇಕಾದದ್ದು ಹಿಂದಿನ ಸ್ಟ್ಯಾಂಡ್ ಬಗ್ಗೆ. ಮೊದಲ ಸ್ವಿಚ್‌ನಲ್ಲಿ ಇದ್ದದ್ದು ಒಂದು ಮೂಲೆಯಲ್ಲಿ ಬೆರಳಗಲದ ಪ್ಲಾಸ್ಟಿಕ್ ಪಟ್ಟಿ. ಅದು ನಿಲ್ಲುವುದು ಒಂದೇ ಕೋನದಲ್ಲಿ. ಇದರಲ್ಲಿ ಸ್ಟ್ಯಾಂಡ್ ಬೆನ್ನಿನ ಉದ್ದಕ್ಕೂ ಇದೆ. ಉಗುರು ಕೊಟ್ಟು ಎಳೆದರೆ ಕೀಲು ಬಿಗಿಯಾಗಿ, ನಿಧಾನವಾಗಿ ತೆರೆದುಕೊಳ್ಳುತ್ತದೆ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಕುರ್ಚಿಯಲ್ಲಿ ನೆಟ್ಟಗೆ ಕೂತರೆ ಒಂದು ಕೋನ, ಚಾಪೆ ಮೇಲೆ ದಿಂಬಿಗೆ ಒರಗಿದರೆ ಇನ್ನೊಂದು. ಸುಮಾರು 420 ಗ್ರಾಂ ತೂಕವನ್ನು ಎತ್ತಿ ಹಿಡಿದುಕೊಂಡೇ ಇರಬೇಕಿಲ್ಲ.

ಊಟವಾದ ಮೇಲೆ ಮೇಜು ಒರೆಸಿ, ಒದ್ದೆ ಆರಿದೆಯೇ ಅಂತ ಅಂಗೈಯಲ್ಲಿ ಸವರಿ ನೋಡಿ ಸ್ವಿಚ್ಚನ್ನು ನಿಲ್ಲಿಸುತ್ತೇನೆ. ಅಕ್ಕಪಕ್ಕದ ಎರಡೂ ಜಾಯ್‌ಕಾನ್ (ಬಿಚ್ಚಿ ಹಿಡಿಯುವ ಕಂಟ್ರೋಲರ್) ಕಳಚಿ ಕೈಗೊಂದು ಹಿಡಿದು, ತೋಳು ತೊಡೆಯ ಮೇಲೆ ಇಳಿಬಿಟ್ಟು ಆಡುವ ಸುಖ ದೊಡ್ಡದು. ಅಕ್ಕನ ಮಗಳು ಬಂದಿದ್ದರೆ ಒಂದು ಜಾಯ್‌ಕಾನ್ ಅವಳಿಗೆ. ‘ಮಾರಿಯೊ ಕಾರ್ಟ್’ ಶುರುವಾಗುವ ಮೊದಲು “ಮಾಮ, ಸ್ವಲ್ಪ ಹಿಂದಕ್ಕೆ ಬಗ್ಗಿಸಿ, ಟ್ಯೂಬ್‌ಲೈಟ್ ಹೊಡೀತಿದೆ” ಅನ್ನುತ್ತಾಳೆ. ಒಂದು ಬೆರಳಲ್ಲಿ ತಳ್ಳಿದರೆ ಆಯಿತು. ಕರೆಂಟ್ ಹೋದರೆ ಆಟ ಜಗಲಿಗೆ ಬರುತ್ತದೆ. ಆಗ ಅಮ್ಮನೂ ಪಕ್ಕದಲ್ಲಿ ಕೂತು ಯಾರು ಮುಂದಿದ್ದಾರೆ ಅಂತ ಕೇಳುತ್ತಾರೆ.

ಕೊರತೆ ಇಲ್ಲ ಅಂತಲ್ಲ. ಚಾರ್ಜಿಂಗ್ ಪೋರ್ಟ್ ಇರುವುದು ತಳಭಾಗದಲ್ಲಿ, ಅಂದರೆ ಮೇಜಿನ ಮೇಲೆ ನಿಲ್ಲಿಸಿಕೊಂಡು ಚಾರ್ಜ್‌ಗೆ ಹಾಕುವಂತಿಲ್ಲ. ಇಷ್ಟು ಒಳ್ಳೆಯ ಸ್ಟ್ಯಾಂಡ್ ಕೊಟ್ಟು ಪೋರ್ಟನ್ನು ಅಲ್ಲೇ ಉಳಿಸಿದ್ದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರಲ್ಲಿ ಮೇಲ್ಭಾಗದಲ್ಲೂ ಒಂದು ಪೋರ್ಟ್ ಇದೆ. ಬಂದಾಗ ಅದರ ಬೆಲೆ 450 ಡಾಲರ್ ಇತ್ತು. ಒಂದು ಪೋರ್ಟಿಗೋಸ್ಕರ ಅಷ್ಟು ದುಡ್ಡು, ಮೇಲೆ ಇಲ್ಲಿನ ಆಮದು ಅಂಗಡಿಯವರ ಲಾಭ ಎಲ್ಲ ಸೇರಿಸಿ ಕೊಡುವಷ್ಟು ಬಜೆಟ್ ನನ್ನದಲ್ಲ.

ಈಗ ಓಎಲ್‌ಇಡಿ ಮಾಡೆಲನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಸ್ಟ್ಯಾಂಡನ್ನು ಅರ್ಧಕ್ಕೆ ತೆರೆದು ಬಿಡಿ, ಜಾರದೆ ನಿಂತರೆ ಕೀಲು ಗಟ್ಟಿ ಇದೆ ಅಂತ ಅರ್ಥ. ಸ್ಟ್ಯಾಂಡ್ ಅಡಿಯಲ್ಲೇ ಮೆಮೊರಿ ಕಾರ್ಡಿನ ಜಾಗ ಇದೆ, ಅದನ್ನೂ ನೋಡಿಕೊಳ್ಳಿ. ಸ್ಕ್ರೀನ್ ಮೇಲಿರುವ ತೆಳು ಹಾಳೆಯನ್ನು ಪ್ಯಾಕಿಂಗ್ ಅಂದುಕೊಂಡು ಕೀಳಬೇಡಿ. ಗಾಜು ಒಡೆದರೆ ಚೂರು ಸಿಡಿಯದಿರಲಿ ಅಂತ ಕಂಪನಿಯೇ ಅಂಟಿಸಿರುವುದು ಅದು.