ಹಳೆ ಬಟ್ಟೆ ಹುಡುಕಲು ಇಳಕಲ್ಲೋ, ಭುಜ್ಜೋ?

ಖರ್ಚಿನ ಲೆಕ್ಕದಲ್ಲಿ ಇಳಕಲ್ ಕಡೆಯೇ ಹಗುರ. ಬೆಂಗಳೂರಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬಾದಾಮಿ. ಅಲ್ಲಿಂದ ಗುಳೇದಗುಡ್ಡದ ಖಣ (ರವಿಕೆ ಬಟ್ಟೆ), ಮುಂದೆ ಇಳಕಲ್ ಸೀರೆ, ಎಲ್ಲಕ್ಕೂ ಬಸ್ಸಿದೆ. ಗುಜರಾತಿನ ಕಚ್ಛದಲ್ಲಿರುವ ಭುಜ್ ದೂರ. ಚಳಿಗಾಲ ಬಿಟ್ಟರೆ ಬಿಸಿಲೂ ಜೋರು.

ಆದರೆ ಹಳೆಯದು ಸಿಗುವ ರೀತಿಯೇ ಬೇರೆ. ಭುಜ್‌ನಲ್ಲಿ ಹಳೆ ಕಸೂತಿ ಮಾರುವ ಅಂಗಡಿಗಳೇ ಇವೆ. ಅಲ್ಲಿನ ದನಗಾಹಿ ಸಮುದಾಯವಾದ ರಬಾರಿಗಳ ಕನ್ನಡಿ ಕೆಲಸದ ತುಂಡುಗಳನ್ನು ಹರಡಿ ನೋಡಬಹುದು. ಬೆಲೆ ಮಾತ್ರ ಏರಿರುತ್ತದೆ, ಹೊಸದನ್ನೇ ಹಳತೆಂದು ಕೊಡುವವರೂ ಇದ್ದಾರೆ. ನಮ್ಮ ಕಡೆ ಹಳೆ ಸೀರೆ ಇರುವುದು ಅಜ್ಜಿಯರ ಟ್ರಂಕಿನಲ್ಲಿ. ಪರಿಚಯ ಬೇಕು, ತಾಳ್ಮೆ ಬೇಕು. ಕೊಡಲು ಮನಸ್ಸಿಲ್ಲದವರನ್ನು ದಯವಿಟ್ಟು ಒತ್ತಾಯಿಸಬೇಡಿ.

ಬಾಳಿಕೆಗೆ ಹಳೆ ರೇಷ್ಮೆಯ ಮಡಿಕೆಗಳನ್ನು ಬೆಳಕಿಗೆ ಹಿಡಿಯಿರಿ, ಸೀಳುವುದು ಅಲ್ಲೇ. ಇಳಕಲ್ ಸೀರೆಯಲ್ಲಿ ಒಡಲನ್ನೂ ತೋಪು ತೆನೆ (ಗೋಪುರದಂಥ ವಿನ್ಯಾಸದ) ಸೆರಗನ್ನೂ ಜೋಡಿಸುವ ನೂಲಿನ ಕೊಂಡಿ ಗಟ್ಟಿಯಿದೆಯೇ ನೋಡಿ. ಗವಂತಿ (ಹೋದ ದಾರಿಯಲ್ಲೇ ಮರಳಿ ಬರುವ ಹೊಲಿಗೆ) ಕಸೂತಿಯಾದರೆ ತಿರುಗಿಸಿ: ಕೈಕೆಲಸ ಎರಡೂ ಬದಿ ಒಂದೇ ಥರ ಕಾಣುತ್ತದೆ. ಕಚ್ಛದ ಕನ್ನಡಿ ತುಂಡುಗಳು ಭಾರ. ಉಡುವುದಕ್ಕಿಂತ ಗೋಡೆಗೆ ಚೆಂದ.

ಕುಶಲಕರ್ಮಿಗಳ ಕೆಲಸ ನೋಡುವುದಕ್ಕೆ ಭುಜ್ ಸಲೀಸು. 2001ರ ಭೂಕಂಪದ ನಂತರ ಬಟ್ಟೆಗೆ ಬಣ್ಣ ಹಾಕುವ ಖತ್ರಿ ಕುಟುಂಬಗಳು ಕಟ್ಟಿಕೊಂಡ ಅಜರಖ್‌ಪುರ ಗ್ರಾಮದಲ್ಲಿ ಬಟ್ಟೆಗೆ ಅಚ್ಚೊತ್ತುವುದನ್ನು ನೋಡಬಹುದು, ಭುಜೋಡಿಯಲ್ಲಿ ನೇಯ್ಗೆ.

ವಾರ ರಜೆಯಿದ್ದು ಸಂಗ್ರಹಕ್ಕೆ ಬೇಕೆಂದರೆ ಭುಜ್. ಎರಡೇ ದಿನವಿದ್ದರೆ, ಉಡಲು ಸೀರೆ ಬೇಕಿದ್ದರೆ, ನೇಕಾರರೊಡನೆ ಕನ್ನಡದಲ್ಲೇ ಮಾತಾಡುವ ಆಸೆಯಿದ್ದರೆ ಇಳಕಲ್.