ಅಂಡಮಾನೋ ಶ್ರೀಲಂಕೆಯೋ: ಮಳೆಯ ತಿಂಗಳು ನೋಡಿ ಹೊರಡಿ

ಅಂಡಮಾನ್ ಮತ್ತು ಶ್ರೀಲಂಕಾಗಳಲ್ಲಿ ಯಾವುದನ್ನು ಆರಿಸಬೇಕೆಂದು ದಾವಣಗೆರೆಯ ಸ್ನೇಹಿತರೊಬ್ಬರು ಕೇಳಿದ್ದಾರೆ. ನನ್ನ ಮಟ್ಟಿಗೆ, ರಜೆ ಯಾವ ತಿಂಗಳಲ್ಲಿ ಸಿಗುತ್ತದೆ ಎಂಬುದೇ ಮೊದಲ ಪ್ರಶ್ನೆ.

ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ (ಈಗಿನ ಹೆಸರು ಶ್ರೀ ವಿಜಯಪುರಂ) ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆಯಾಗುತ್ತದೆ, ಮಾರಿಕಣಿವೆ ಜಲಾಶಯ 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದುದನ್ನು ಹಬ್ಬದಂತೆ ಕಂಡ ಚಿತ್ರದುರ್ಗ ಸೀಮೆಯವರಿಗೆ ಆ ಪ್ರಮಾಣವನ್ನು ಊಹಿಸುವುದೇ ಕಷ್ಟ. ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ತಿಂಗಳ ಉತ್ತರಾರ್ಧದಲ್ಲಿ ಅಲ್ಲಿಗೆ ತಲುಪುತ್ತದೆ, ಅದು ಹಿಂದೆ ಸರಿದ ಮೇಲೂ ಹಿಂಗಾರು ಮತ್ತು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳಿಂದ ಮಳೆ ಮುಂದುವರಿಯುತ್ತದೆ. ಸಮುದ್ರ ಪ್ರಕ್ಷುಬ್ಧವಾದಾಗ ದ್ವೀಪಗಳ ನಡುವಿನ ಹಡಗುಗಳು ನಿಲ್ಲುವುದರಿಂದ ಪ್ರವಾಸದ ಯೋಜನೆಯೇ ಕೆಡಬಹುದು. ನೆಚ್ಚಬಹುದಾದ ಒಣ ಕಾಲ ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ.

ಶ್ರೀಲಂಕಾದಲ್ಲಿ ನಡುವಿನ ಬೆಟ್ಟಸಾಲು ಮಳೆಯನ್ನು ಹಂಚುತ್ತದೆ: ಮುಂಗಾರಿನಲ್ಲಿ ನೈಋತ್ಯದ ಕೊಲಂಬೊ, ಗಾಲೆ ಕಡೆ ನೆನೆಯುವಾಗ ಪೂರ್ವ ಕರಾವಳಿಯ ಟ್ರಿಂಕೋಮಲಿ ಒಣಗಿರುತ್ತದೆ, ಡಿಸೆಂಬರ್ ಹೊತ್ತಿಗೆ ಇದು ತಿರುಗುಮುರುಗಾಗುತ್ತದೆ. ಆದರೆ ಅಕ್ಟೋಬರ್, ನವೆಂಬರ್‌ನಲ್ಲಿ ಬಹುತೇಕ ಎಲ್ಲೆಡೆ ಮಳೆಯಿರುತ್ತದೆ, ಹಾಗಾಗಿ ದಸರಾ ರಜೆಗೆ ಎರಡನ್ನೂ ನಾನು ಸೂಚಿಸಲಾರೆ.

ಸೆಖೆ ಎರಡೂ ಕರಾವಳಿಗಳಲ್ಲಿ ವರ್ಷವಿಡೀ ಇದ್ದದ್ದೇ. ತಂಪು ಬೇಕಾದವರಿಗೆ ಶ್ರೀಲಂಕಾದ ಎತ್ತರದ ನುವಾರ ಎಲಿಯಾ ಇದೆ. ಅಂಡಮಾನಿಗೆ ನಮಗೆ ಪಾಸ್‌ಪೋರ್ಟ್ ಬೇಡ.

ಏಪ್ರಿಲ್‌ನ ಶಾಲಾ ರಜೆಯಲ್ಲಿ ಹಿರಿಯರೊಂದಿಗೆ ಹೊರಡುವವರಿಗೆ ಅಂಡಮಾನ್ ಅನುಕೂಲ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಬಿಡುವಿದ್ದರೆ ಟ್ರಿಂಕೋಮಲಿಯ ಕಡೆ ಹೋಗುವುದು ಒಳ್ಳೆಯದು.